ತಾರೀಖಿಲ್ಲದ ಚೆಕ್ ಪಾಸ್ ಮಾಡ್ತಿದ್ರಾ ಸರ್?

ಪ್ರಶ್ನೆ: ನಾನು ಮೈಸೂರಿನಲ್ಲಿ ನಿವೃತ್ತ ಬ್ಯಾಂಕ್ ನೌಕರರ ಒಂದು ಬಳಗದ ಕಾರ್ಯದರ್ಶಿ. ನಮ್ಮ 140 ಸದಸ್ಯರಿಗೂ ಇಮೇಲ್ ಇದೆ. ಹೋದ ತಿಂಗಳು ಅಮೆರಿಕದಲ್ಲಿರುವ ನನ್ನ ಅಳಿಯ ಒಂದು ಎಚ್ಚರಿಕೆಯ ಮೇಲ್ ಕಳಿಸಿದರು. ‘ಇನ್ವಿಟೇಶನ್’ ಎಂಬ ಅಟ್ಯಾಚ್‌ಮೆಂಟ್ ಬಂದರೆ ತೆರೆಯಬೇಡಿ, ಒಲಿಂಪಿಕ್ ಜ್ಯೋತಿ ಕಾಣಿಸಿಕೊಂಡು ಹಾರ್ಡ್ ಡಿಸ್ಕ್ ಪೂರ್ತಿ ಸುಟ್ಟುಹೋಗುತ್ತದೆ, ಗೊತ್ತಿರುವ ಎಲ್ಲರಿಗೂ ತಿಳಿಸಿ ಅಂತ ಅದರಲ್ಲಿತ್ತು. ನಾನು ಎಲ್ಲ ಸದಸ್ಯರಿಗೂ ಫಾರ್ವರ್ಡ್ ಮಾಡಿದೆ. ಅರ್ಧ ಗಂಟೆಯಲ್ಲಿ ಸದಸ್ಯರೊಬ್ಬರು, ಈಚೆಗೆ ವಿಆರ್‌ಎಸ್ ತಗೊಂಡವರು, ನನಗಿಂತ 15 ವರ್ಷ ಚಿಕ್ಕವರು, ‘ಇದು ಶುದ್ಧ ಸುಳ್ಳು, ಇಂಥದ್ದನ್ನು ಇನ್ನೂ ನಂಬುವವರಿದ್ದಾರಾ?’ ಎಂದು ಎಲ್ಲರಿಗೂ ಉತ್ತರ ಬರೆದರು. ಆಮೇಲೆ ಅವರ ಪರ, ನನ್ನ ಪರ ಎಂದು ಒಬ್ಬೊಬ್ಬರೂ ಎಲ್ಲರಿಗೂ ಬರೆಯತೊಡಗಿದರು. ಎರಡು ದಿನ ಇದೇ ಆಯಿತು. ನನಗೆ ತುಂಬಾ ಬೇಜಾರಾಗಿದೆ. ಒಳ್ಳೆಯದಕ್ಕೇ ಅಲ್ವಾ ಕಳಿಸಿದ್ದು? ಸುಳ್ಳಾಗಿದ್ದರೂ ನಷ್ಟವೇನು? ಮುಂದೆ ಇಂಥದ್ದು ಬಂದರೆ ಏನು ಮಾಡಲಿ?

ಉತ್ತರ: ಸರ್, ಆ ಮೇಲ್ ಸುಳ್ಳು ಅನ್ನುವುದು ನಿಜ. ಆದರೆ ಅದನ್ನು ನಂಬಿದವರಲ್ಲಿ ನೀವು ಮೊದಲಿಗರಲ್ಲ. 2006ರಿಂದ ಅದು ಲೋಕ ಸುತ್ತುತ್ತಿದೆ. ಆ ವರ್ಷ ಫೆಬ್ರವರಿಯಲ್ಲಿ ಇಟಲಿಯಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆಯಿತು, ಆ ಹೊತ್ತಿಗೇ ಈ ‘ಜ್ಯೋತಿ’ಯೂ ಹೊತ್ತಿಕೊಂಡಿತು. ಇಂಥ ವೈರಸ್ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಮೂರು ತಿಂಗಳು ದಾಟಿದ ಚೆಕ್ಕನ್ನು ಸ್ಟೇಲ್ ಎಂದು ವಾಪಸ್ ಕಳಿಸುವವರು ನೀವು. ಇದು ಇಪ್ಪತ್ತು ವರ್ಷದ ಹಿಂದಿನ ಚೆಕ್ಕು.

ಆ ಮೇಲನ್ನು ಇನ್ನೊಮ್ಮೆ ತೆಗೆದು ಓದಿ ನೋಡಿ. ಈ ವೈರಸ್ಸನ್ನು ‘ನಿನ್ನೆ’ ಮೆಕಾಫಿ ಎಂಬ ಆಂಟಿವೈರಸ್ ಕಂಪನಿ ಕಂಡುಹಿಡಿದಿದೆ ಎಂದಿರುತ್ತದೆ. ಯಾವ ನಿನ್ನೆ? 2006ರಲ್ಲೂ ನಿನ್ನೆಯೇ, ಹೋದ ತಿಂಗಳೂ ನಿನ್ನೆಯೇ. ಸಿಎನ್‌ಎನ್ ಹೇಳಿದೆ, ಮೈಕ್ರೋಸಾಫ್ಟ್ ಇದನ್ನು ಅತ್ಯಂತ ಅಪಾಯಕಾರಿ ಎಂದು ಸಾರಿದೆ ಎಂದಿರುತ್ತದೆ. ಯಾವತ್ತು, ಎಲ್ಲಿ ಹೇಳಿದೆ ಅನ್ನುವುದು ಮಾತ್ರ ಇರುವುದಿಲ್ಲ. ನೀವು ಕೌಂಟರಿನಲ್ಲಿ ಕೂತಿದ್ದಾಗ ತಾರೀಖಿಲ್ಲದ, ಸಹಿ ಹೊಂದದ ಚೆಕ್ಕನ್ನು, ‘ದೊಡ್ಡ ಸಾಹೇಬರು ಹೇಳಿದ್ದಾರಂತೆ’ ಅನ್ನುವ ಬಾಯಿಮಾತಿನ ಮೇಲೆ ಪಾಸ್ ಮಾಡುತ್ತಿದ್ದಿರಾ? ಖಂಡಿತ ಇಲ್ಲ. ಆ ಅಭ್ಯಾಸವನ್ನು ಇಮೇಲಿಗೂ ತನ್ನಿ ಅಂತಷ್ಟೇ ನಾನು ಹೇಳುವುದು.

ಈ ಬಗೆಯ ಮೇಲ್‌ಗಳ ಮೂಲಪುರುಷ ಅನ್ನಬಹುದಾದದ್ದು 1994ರ ಕೊನೆಯಲ್ಲಿ ಹುಟ್ಟಿತು. ‘ಗುಡ್ ಟೈಮ್ಸ್’ ಎಂಬ ವಿಷಯದ ಮೇಲ್ ಬಂದರೆ ಓದಬೇಡಿ, ಓದಿದರೆ ಡಿಸ್ಕ್ ಅಳಿಸಿಹೋಗುತ್ತದೆ, ಪ್ರೊಸೆಸರ್ ಕೊನೆಯಿಲ್ಲದ ಸುತ್ತಿನಲ್ಲಿ ಸಿಕ್ಕಿ ಹಾಳಾಗುತ್ತದೆ ಎಂಬ ಎಚ್ಚರಿಕೆ ಅದು. ಅದರ ಒಂದು ರೂಪದಲ್ಲಿ, ಅಮೆರಿಕದ ಎಫ್‌ಸಿಸಿ ‘ಕಳೆದ ಬುಧವಾರ’ ಈ ಪ್ರಕಟಣೆ ಕೊಟ್ಟಿದೆ ಎಂದಿತ್ತು. ಎಫ್‌ಸಿಸಿ ನೋಡಿಕೊಳ್ಳುವುದು ರೇಡಿಯೊ, ಟಿವಿ, ಟೆಲಿಫೋನ್ ವ್ಯವಹಾರ. ವೈರಸ್ ಬಗ್ಗೆ ಎಚ್ಚರಿಕೆ ಕೊಡುವುದು ಅದರ ಕೆಲಸವೇ ಅಲ್ಲ. ತೋಟಗಾರಿಕೆ ಇಲಾಖೆಯವರು ಇವತ್ತು ರೈಲು ರದ್ದು ಎಂದು ಹೇಳಿದ ಹಾಗೆ. ಅಮೆರಿಕದ ಇಂಧನ ಇಲಾಖೆಯ ಕಂಪ್ಯೂಟರ್ ಭದ್ರತಾ ತಂಡ ಅದೇ ಡಿಸೆಂಬರಿನಲ್ಲಿ ಇದು ಸುಳ್ಳು ಎಂದು ಬರೆದು ಹಾಕಿತು. ಆದರೂ ವರ್ಷಗಟ್ಟಲೆ ಅದು ನಿಲ್ಲಲಿಲ್ಲ.

ಗಮನಿಸಿ, 1994ರಲ್ಲಿ ಬರೀ ಅಕ್ಷರಗಳ ಮೇಲನ್ನು ಓದುವುದರಿಂದ ಕಂಪ್ಯೂಟರಿಗೆ ಏನೂ ಆಗಲು ಸಾಧ್ಯವಿರಲಿಲ್ಲ. ಅಂದರೆ ಆ ಮೇಲ್ ಹೇಳುತ್ತಿದ್ದ ವೈರಸ್ ಇರಲಿಲ್ಲ, ಆ ಮೇಲೇ ವೈರಸ್ಸಿನ ಕೆಲಸ ಮಾಡುತ್ತಿತ್ತು. ವೈರಸ್ ಏನು ಮಾಡುತ್ತದೆ? ಒಂದು ಕಡೆ ಸೇರಿಕೊಂಡು ತನ್ನ ನಕಲು ಮಾಡಿಸಿಕೊಂಡು ಮುಂದಿನ ಮನೆಗೆ ಹೋಗುತ್ತದೆ. ಇದಕ್ಕೆ ಕಂಪ್ಯೂಟರಿನ ದೋಷವೂ ಬೇಕಾಗಲಿಲ್ಲ. ನಮ್ಮ ಒಳ್ಳೆಯತನ ಸಾಕಾಯಿತು. ನಿಮ್ಮ ವಯಸ್ಸಿನವರಿಗೆ ದೇವರ ಹೆಸರಿನ ಪೋಸ್ಟ್‌ಕಾರ್ಡ್ ನೆನಪಿರಬೇಕು. ‘ಇದನ್ನು ಓದಿದವರು ಇಷ್ಟು ಜನಕ್ಕೆ ಬರೆದು ಹಾಕಿ, ಹಾಕದಿದ್ದರೆ ಕೆಡುಕು’ ಅಂತ ಇರುತ್ತಿತ್ತು. ಅದು ಭಯ ತೋರಿಸಿ ಬರೆಸುತ್ತಿತ್ತು. ಇದು ಉಪಕಾರದ ಆಸೆ ತೋರಿಸಿ ಬರೆಸುತ್ತದೆ. ಪೋಸ್ಟ್‌ಕಾರ್ಡಿಗೆ ಕೈಯಿಂದ ಕಾಸಾದರೂ ಖರ್ಚಾಗುತ್ತಿತ್ತು, ಕೈ ನೋಯುತ್ತಿತ್ತು. ಫಾರ್ವರ್ಡ್ ಗುಂಡಿಗೆ ಅದೂ ಇಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಸುಳ್ಳಾಗಿದ್ದರೂ ನಷ್ಟವೇನು?

ನಾನೇ ಮಾಡಿದ್ದನ್ನು ಹೇಳುತ್ತೇನೆ. 2002ರಲ್ಲಿ ಬೆಂಗಳೂರಿನ ಒಂದು ಕಚೇರಿಯಲ್ಲಿ ಕಂಪ್ಯೂಟರ್‌ಗಳ ಉಸ್ತುವಾರಿ ನನ್ನದಾಗಿತ್ತು. ಒಂದು ಶನಿವಾರ ಮೇಲಧಿಕಾರಿಯಿಂದ ಮೇಲ್ ಬಂತು. ನಿಮ್ಮ ಕಂಪ್ಯೂಟರಿನಲ್ಲಿ ‘ಜೆಡಿಬಿಜಿಎಂಜಿಆರ್ ಡಾಟ್ ಇಎಕ್ಸ್‌ಇ’ ಎಂಬ ಫೈಲ್ ಇದೆಯಾ ನೋಡಿ, ಅದರ ಗುರುತು ಪುಟ್ಟ ಕರಡಿಮರಿ, ಅದು ವೈರಸ್, 14 ದಿನ ಸುಮ್ನೆ ಇದ್ದು ಆಮೇಲೆ ಎದ್ದೇಳುತ್ತದೆ, ನಾರ್ಟನ್, ಮೆಕಾಫಿ ಆಂಟಿವೈರಸ್‌ಗಳಿಗೂ ಸಿಕ್ಕುವುದಿಲ್ಲ, ಕೂಡಲೇ ಅಳಿಸಿ, ನಿಮ್ಮ ಅಡ್ರೆಸ್ ಬುಕ್ಕಿನಲ್ಲಿರುವ ಎಲ್ಲರಿಗೂ ತಿಳಿಸಿ. ಹುಡುಕಿದೆ. ಇತ್ತು! ಬೂದು ಬಣ್ಣದ ಕರಡಿಮರಿ ಕೂತು ನನ್ನನ್ನೇ ನೋಡುತ್ತಿತ್ತು. ಪಕ್ಕದ ಕಂಪ್ಯೂಟರಿನಲ್ಲೂ ಇತ್ತು. ಮಧ್ಯಾಹ್ನದ ಊಟ ಬಿಟ್ಟು ನಲವತ್ತು ಕಂಪ್ಯೂಟರಿನಿಂದ ಕರಡಿ ಓಡಿಸಿದೆ. ಮೂರು ಶಾಖೆಗಳಿಗೆ ನಾನೇ ಮೇಲ್ ಬರೆದು ಅಲ್ಲೂ ಓಡಿಸಿದೆ.

ಸೋಮವಾರ ಗೊತ್ತಾಯಿತು. ಆ ಫೈಲ್ ಆಗಿನ ವಿಂಡೋಸ್ ಜೊತೆಗೇ ಬರುತ್ತಿದ್ದಂಥದ್ದು. ಜಾವಾ ಪ್ರೋಗ್ರಾಮ್ ಬರೆಯುವವರಿಗೆ ತಪ್ಪು ಹುಡುಕಲು ಬೇಕಾದ ಸಲಕರಣೆ. ಕರಡಿಮರಿಯ ಚಿತ್ರ ಹಾಕಿದ್ದೂ ಮೈಕ್ರೋಸಾಫ್ಟಿನವರೇ. ಆಗ ಹೆಚ್ಚುಕಡಿಮೆ ಎಲ್ಲರ ಕಂಪ್ಯೂಟರಿನಲ್ಲೂ ಇರುತ್ತಿತ್ತು, ಆದ್ದರಿಂದ ಹುಡುಕಿದವರಿಗೆಲ್ಲ ಸಿಗುತ್ತಿತ್ತು. ಈ ಸುಳ್ಳಿನ ಜಾಣತನ ಇರುವುದೇ ಅಲ್ಲಿ. ‘ನೋಡಿ, ಹೇಳಿದ ಹಾಗೇ ಇದೆಯಲ್ಲ’ ಅನ್ನಿಸಿದ ಮೇಲೆ ಉಳಿದದ್ದನ್ನೂ ನಂಬುತ್ತೇವೆ. ಪುಣ್ಯಕ್ಕೆ ನಮ್ಮ ಕಚೇರಿಯಲ್ಲಿ ಯಾರೂ ಜಾವಾ ಬರೆಯುತ್ತಿರಲಿಲ್ಲ, ಕೆಲಸ ಕೆಡಲಿಲ್ಲ. ಅದರ ಹಿಂದಿನ ವರ್ಷ ‘ಸಲ್ಫ್‌ಎನ್‌ಬಿಕೆ’ ಎಂಬ ಇನ್ನೊಂದು ವಿಂಡೋಸ್ ಫೈಲನ್ನು ಜನ ಹೀಗೇ ಅಳಿಸಿದ್ದರು. ಅದು ಫೈಲುಗಳ ಉದ್ದ ಹೆಸರುಗಳನ್ನು ಮರಳಿ ತರಲು ಬೇಕಾಗುತ್ತಿದ್ದಂಥದ್ದು.

ಮೂರು ಶಾಖೆಗಳಿಗೆ ತಪ್ಪೊಪ್ಪಿಗೆ ಬರೆಯಬೇಕಾಯಿತಲ್ಲ, ಆ ಎಂಟು ಸಾಲು ಬರೆಯಲು ನನಗೆ ಒಂದು ಗಂಟೆ ಹಿಡಿಯಿತು. ನಷ್ಟವೇನು ಎಂದರೆ ಮೊದಲನೆಯದು ಇದು. ಕಂಪ್ಯೂಟರ್ ತಜ್ಞ ಎಂದು ನನ್ನ ಮಾತು ಕೇಳಿದರು. ಮುಂದಿನ ಸಲ ನಾನು ನಿಜವಾದ ಎಚ್ಚರಿಕೆ ಕೊಟ್ಟಾಗ, ‘ಮತ್ತೆ ಕರಡಿನಾ?’ ಎಂದು ಒಬ್ಬರು ಕೇಳಿದರು.

ಎರಡನೆಯದು ಲೆಕ್ಕ. ನೀವು ಲೆಕ್ಕದವರು, ಬೇಗ ಹಿಡಿಯುತ್ತೀರಿ. ಒಬ್ಬರು ಹತ್ತು ಜನಕ್ಕೆ, ಆ ಹತ್ತು ಜನ ತಲಾ ಹತ್ತು ಜನಕ್ಕೆ ಎಂದರೆ ಆರನೆಯ ಕೈಗೆ ಹತ್ತು ಲಕ್ಷ ಮೇಲ್. ಒಬ್ಬೊಬ್ಬರು ಓದಲು ಒಂದೇ ನಿಮಿಷ ಎಂದರೂ ಹತ್ತು ಲಕ್ಷ ನಿಮಿಷ. ದಿನಕ್ಕೆ ಎಂಟು ಗಂಟೆ, ವರ್ಷಕ್ಕೆ 300 ದಿನ ಎಂದು ಹಿಡಿದರೆ ಒಬ್ಬ ನೌಕರನ ಸುಮಾರು ಏಳು ವರ್ಷದ ದುಡಿಮೆ. ನಿಮ್ಮ ಬಳಗದಲ್ಲಿ ಹತ್ತಲ್ಲ, ಒಂದೇ ಸಲಕ್ಕೆ 140. 1995ರ ಅಕ್ಟೋಬರಿನಲ್ಲಿ ಇಂಟರ್ನೆಟ್ ಶಿಷ್ಟಾಚಾರದ ಬಗ್ಗೆ ಆರ್‌ಎಫ್‌ಸಿ 1855 ಎಂಬ ಕೈಪಿಡಿ ಬಂತು. ಸರಪಳಿ ಪತ್ರ ಕಳಿಸಲೇಬೇಡಿ, ಕಳಿಸಿದರೆ ನಿಮ್ಮ ನೆಟ್‌ವರ್ಕ್ ಸೌಲಭ್ಯ ಕಿತ್ತುಕೊಳ್ಳುತ್ತಾರೆ ಎಂದು ಅದರಲ್ಲಿ ಖಡಕ್ಕಾಗಿ ಹೇಳಿತ್ತು. ಈಗ ಯಾರೂ ಯಾರದ್ದೂ ಕಿತ್ತುಕೊಳ್ಳುವುದಿಲ್ಲ ಬಿಡಿ.

ಮೂರನೆಯ ನಷ್ಟ ನಿಮ್ಮ ಮೇಲಿನಲ್ಲೇ ಇದೆ, ಯಾರ ಕಣ್ಣಿಗೂ ಬಿದ್ದಿಲ್ಲ ಅಂತ ಕಾಣುತ್ತದೆ. ಒಬ್ಬರು ಉತ್ತರಿಸಿದರೆ ಎಲ್ಲರಿಗೂ ಹೋಯಿತು ಅಂದಿರಿ. ಅಂದರೆ 140 ವಿಳಾಸಗಳನ್ನೂ ‘ಟು’ ಅಥವಾ ‘ಸಿಸಿ’ ಜಾಗದಲ್ಲಿ ಹಾಕಿದ್ದೀರಿ. ಈಗ ಆ ಪಟ್ಟಿ 140 ಕಂಪ್ಯೂಟರಿನಲ್ಲಿ ಕೂತಿದೆ. ಅವರಲ್ಲಿ ಕೆಲವರು ಮುಂದಕ್ಕೂ ಕಳಿಸಿರುತ್ತಾರೆ, ಪಟ್ಟಿ ಸಮೇತ. 2002–03ರ ಕ್ಲೆಜ್, ಸೋಬಿಗ್ ಎಂಬ ವೈರಸ್‌ಗಳು ಹೊಕ್ಕ ಕಂಪ್ಯೂಟರಿನ ಫೈಲುಗಳನ್ನೆಲ್ಲ ಜಾಲಾಡಿ ಇಮೇಲ್ ವಿಳಾಸ ಹೆಕ್ಕುತ್ತಿದ್ದವು. ಇವತ್ತಿನ ಮೋಸಗಾರರಿಗೆ ಅದಕ್ಕಿಂತ ಒಳ್ಳೆಯ ಮಾಲು ನಿಮ್ಮ ಪಟ್ಟಿ. ಎಲ್ಲರೂ ಬ್ಯಾಂಕಿನವರು, ಎಲ್ಲರಿಗೂ ಪಿಂಚಣಿ, ಎಲ್ಲರೂ ಅರವತ್ತು ದಾಟಿದವರು ಅಥವಾ ಹತ್ತಿರದವರು, ಹೆಸರು ಸಮೇತ. ನವೆಂಬರಿನಲ್ಲಿ ‘ನಿಮ್ಮ ಲೈಫ್ ಸರ್ಟಿಫಿಕೇಟ್ ಬಾಕಿ ಇದೆ, ಈ ಲಿಂಕ್ ಒತ್ತಿ’ ಎಂದು ಬಂದರೆ ಎಷ್ಟು ಜನ ಒತ್ತಬಹುದು ಯೋಚಿಸಿ. ಸುಳ್ಳು ಎಚ್ಚರಿಕೆ ಕಳಿಸಿದ್ದಕ್ಕಿಂತ ಇದು ದೊಡ್ಡ ತಪ್ಪು ಅಂತ ನನ್ನ ಅನಿಸಿಕೆ. ಬಳಗಕ್ಕೆ ಏನೇ ಬರೆದರೂ ವಿಳಾಸಗಳನ್ನು ‘ಬಿಸಿಸಿ’ಯಲ್ಲಿ ಹಾಕಿ, ‘ಟು’ ಜಾಗದಲ್ಲಿ ನಿಮ್ಮ ವಿಳಾಸವನ್ನೇ ಹಾಕಿ. ಆಗ ಒಬ್ಬರದ್ದು ಇನ್ನೊಬ್ಬರಿಗೆ ಕಾಣುವುದಿಲ್ಲ, ‘ಎಲ್ಲರಿಗೂ ಉತ್ತರ’ ಒತ್ತಿದರೂ ನಿಮಗೊಬ್ಬರಿಗೇ ಬರುತ್ತದೆ. ಆ ಎರಡು ದಿನದ ಜಗಳ ಆಗುತ್ತಲೇ ಇರಲಿಲ್ಲ.

ಇನ್ನೊಂದು ನಷ್ಟ ಇದೆ, ಅದನ್ನು ಅಳೆಯುವುದು ಕಷ್ಟ. ತೋಳ ಬಂತು ತೋಳ ಎಂದು ಕೂಗಿದ ಹುಡುಗನ ಕಥೆ ಗೊತ್ತಲ್ಲ. ಗುಡ್ ಟೈಮ್ಸ್ ಬಂದಾಗಿನಿಂದ ಇಂಥ ಸುಳ್ಳು ಎಚ್ಚರಿಕೆಗಳು ಬಂದು ಬಂದು ಜನ ರೋಸಿಹೋಗಿದ್ದರು. ಆಮೇಲೆ ತೋಳ ನಿಜಕ್ಕೂ ಬಂತು. 1999ರ ಮಾರ್ಚ್ 26ರಂದು ಬಂದ ಮೆಲಿಸ್ಸಾ, ವರ್ಡ್ ಫೈಲಿನಲ್ಲಿ ಅಡಗಿ, ಮೈಕ್ರೋಸಾಫ್ಟಿನ ಮೇಲ್ ಪ್ರೋಗ್ರಾಮ್ ಔಟ್‌ಲುಕ್‌ನ ವಿಳಾಸಪಟ್ಟಿಯ ಮೊದಲ 50 ಜನಕ್ಕೆ ತಾನೇ ಹೋಗುತ್ತಿತ್ತು. 2000ದ ಮೇ 4ರಂದು ಫಿಲಿಪ್ಪೀನ್ಸ್‌ನಿಂದ ಹೊರಟ ‘ಐ ಲವ್ ಯು’ ಪಟ್ಟಿಯಲ್ಲಿದ್ದ ಎಲ್ಲರಿಗೂ ಹೋಯಿತು. ಅದು ಪ್ರೇಮಪತ್ರದ ಹೆಸರಿನ ಫೈಲು. ಕೊನೆಗೆ ‘ವಿಬಿಎಸ್’ ಎಂಬ ಬಾಲ ಇತ್ತು, ಅಂದರೆ ಅದು ಓದುವ ಕಾಗದವಲ್ಲ, ಓಡುವ ಪ್ರೋಗ್ರಾಮ್. ವಿಂಡೋಸ್ ಆ ಬಾಲವನ್ನು ಮುಚ್ಚಿಡುತ್ತಿದ್ದರಿಂದ ನೋಡಿದವರಿಗೆ ಸಾದಾ ಟೆಕ್ಸ್ಟ್ ಫೈಲಿನ ಹಾಗೆ ಕಂಡಿತು. ಇವೆರಡೂ ಬಂದದ್ದು ಅಪರಿಚಿತರಿಂದಲ್ಲ, ಗುರುತಿದ್ದವರಿಂದ, ಮೇಲಧಿಕಾರಿಗಳಿಂದ, ಗೆಳೆಯರಿಂದ. ಇನ್ನು ಆ ಸುಳ್ಳು ಎಚ್ಚರಿಕೆಗಳು ನಮಗೆ ಏನು ಕಲಿಸಿದ್ದವು? ಇಂಥ ಒಂದು ಹೆಸರಿನ ಮೇಲ್ ತೆರೆಯಬೇಡಿ ಎಂದು. ಹೆಸರು ನೆನಪಿಟ್ಟುಕೊಂಡು ಕೂತವರಿಗೆ ಬೇರೆ ಹೆಸರಿನ ತೋಳ ಕಾಣಲಿಲ್ಲ.

ನ್ಯಾಯಕ್ಕೆ ಒಂದು ಮಾತು ಸೇರಿಸಬೇಕು. ‘ಮೇಲ್ ಬರೀ ತೆರೆದರೆ ಏನೂ ಆಗುವುದಿಲ್ಲ’ ಎಂದು ನಮ್ಮಂಥವರು ಗುಡ್ ಟೈಮ್ಸ್ ಕಾಲದಲ್ಲಿ ಎದೆ ತಟ್ಟಿ ಹೇಳುತ್ತಿದ್ದೆವು. 1999ರ ನವೆಂಬರಿನಲ್ಲಿ ಬಬಲ್‌ಬಾಯ್ ಎಂಬುದು ಬಂದು, ಔಟ್‌ಲುಕ್‌ನಲ್ಲಿ ಅಟ್ಯಾಚ್‌ಮೆಂಟ್ ಇಲ್ಲದೆಯೂ ಹರಡಬಹುದೆಂದು ತೋರಿಸಿಬಿಟ್ಟಿತು. ಆ ತೂತು ಮುಚ್ಚುವ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ ಆಗಲೇ ಕೊಟ್ಟಿತ್ತು. ಆದರೆ ತಜ್ಞರ ‘ಯಾವತ್ತೂ ಇಲ್ಲ’ ಅನ್ನುವ ಮಾತನ್ನೂ ಸ್ವಲ್ಪ ಅನುಮಾನದಿಂದಲೇ ಕೇಳಿ, ನನ್ನದನ್ನೂ ಸೇರಿಸಿ.

ಹಾಗಾದರೆ ಮುಂದಿನ ಸಲ ಬಂದಾಗ ಏನು ಮಾಡಬೇಕು? ಬ್ಯಾಂಕಿನಲ್ಲಿ ಒಬ್ಬರು ಬರೆದ ವೋಚರನ್ನು ಅವರೇ ಪಾಸ್ ಮಾಡುವ ಹಾಗಿಲ್ಲ, ಎರಡನೆಯ ಸಹಿ ಬೇಕು. ಆ ನಿಯಮ ಸಾಕು. ಎಲ್ಲರಿಗೂ ತಿಳಿಸಿ ಎಂದು ಬಂದದ್ದನ್ನು ಮೊದಲು ಒಬ್ಬರಿಗೆ ತೋರಿಸಿ. ಅದಕ್ಕೂ ಮುಂಚೆ ನೀವೇ ಎರಡು ನಿಮಿಷದ ಕೆಲಸ ಮಾಡಬಹುದು. ಆ ಮೇಲಿನಲ್ಲಿ ವಿಚಿತ್ರವಾದ ಒಂದು ಸಾಲು ಹುಡುಕಿ. ನಿಮ್ಮದರಲ್ಲಿ ‘ಹಾರ್ಡ್ ಡಿಸ್ಕಿನ ಸೊನ್ನೆ ಸೆಕ್ಟರ್ ನಾಶವಾಗುತ್ತದೆ’ ಎಂಬಂಥ ಸಾಲಿರುತ್ತದೆ. ಅದನ್ನು ಹಾಗೇ ಗೂಗಲ್ಲಿಗೆ ಹಾಕಿ. ಹಳೆಯ ಸುಳ್ಳಾದರೆ ಹತ್ತಾರು ಕಡೆ ಅದರ ಜಾತಕವೇ ಸಿಗುತ್ತದೆ. ನಿಜವಾದ ಎಚ್ಚರಿಕೆಯಾದರೆ ಸರ್ಟ್-ಇನ್‌ನ ವೆಬ್‌ಸೈಟಿನಲ್ಲೋ, ಸಂಬಂಧಪಟ್ಟ ಕಂಪನಿಯ ವೆಬ್‌ಸೈಟಿನಲ್ಲೋ ಇರುತ್ತದೆ. ಸರ್ಟ್-ಇನ್ ಅಂದರೆ ಕಂಪ್ಯೂಟರ್ ಭದ್ರತೆಗೆಂದೇ ಕೇಂದ್ರ ಸರ್ಕಾರ ಇಟ್ಟಿರುವ ತಂಡ, 2004ರಿಂದ ಕೆಲಸ ಮಾಡುತ್ತಿದೆ. ಅವರ ಪ್ರಕಟಣೆಗೆ ತಾರೀಖಿರುತ್ತದೆ, ನಂಬರಿರುತ್ತದೆ, ಯಾವ ಸಾಫ್ಟ್‌ವೇರಿನ ಯಾವ ಆವೃತ್ತಿಗೆ ತೊಂದರೆ, ಏನು ಮಾಡಬೇಕು ಅನ್ನುವುದಿರುತ್ತದೆ. ಓದಲು ಸಪ್ಪೆ. ದಪ್ಪ ಅಕ್ಷರವಿಲ್ಲ, ನಾಲ್ಕು ಆಶ್ಚರ್ಯಸೂಚಕ ಚಿಹ್ನೆಗಳಿಲ್ಲ, ‘ಎಲ್ಲರಿಗೂ ಕಳಿಸಿ’ ಎಂಬ ಕೋರಿಕೆಯಂತೂ ಇಲ್ಲವೇ ಇಲ್ಲ. ಸಪ್ಪೆಯಾಗಿದ್ದಷ್ಟೂ ನಂಬಿ.

ಇಮೇಲಿನಲ್ಲಿ ಹುಟ್ಟಿದ ಈ ಕಾಯಿಲೆ ಈಗ ಜಾಸ್ತಿ ಇರುವುದು ವಾಟ್ಸ್ಯಾಪಿನಲ್ಲಿ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್ ಲೋಕವನ್ನೇ ಕಂಗೆಡಿಸಿತು, ಅದು ನಿಜ. ಅದರ ಬೆನ್ನಿಗೇ ‘ಎಟಿಎಂಗಳು ಎರಡು ಮೂರು ದಿನ ಬಂದ್’ ಎಂಬ ಸಂದೇಶ ನಮ್ಮಲ್ಲಿ ಹರಿದಾಡಿತು, ಅದು ಸುಳ್ಳು. 2025ರ ಮೇ ತಿಂಗಳಲ್ಲಿ ಗಡಿಯಲ್ಲಿ ಉದ್ವೇಗ ಇದ್ದಾಗ ಹೆಚ್ಚುಕಡಿಮೆ ಅದೇ ಮಾತು ಮತ್ತೆ ಎದ್ದಿತು. ಕೇಂದ್ರ ಸರ್ಕಾರದ ಸುದ್ದಿ ಸಂಸ್ಥೆ ಪಿಐಬಿಯ ಫ್ಯಾಕ್ಟ್ ಚೆಕ್ ತಂಡ ಅದು ಸುಳ್ಳು ಎಂದು ಹೇಳಬೇಕಾಯಿತು. ಎಟಿಎಂ ಬಂದ್ ಆಗುತ್ತಾ ಎಂದು ನಿಮ್ಮ ಬಳಗದವರಿಗೆ ಎಷ್ಟು ನೆಂಟರು ಫೋನ್ ಮಾಡಿದರೋ! ಎಚ್ಚರಿಕೆಯ ಹೆಸರಿನ ಸಂದೇಶ ಏನು ಮಾಡಬಲ್ಲದು ಎಂದು ಬೆಂಗಳೂರು 2012ರ ಆಗಸ್ಟಿನಲ್ಲಿ ನೋಡಿದೆ. ಹಲ್ಲೆಯಾಗುತ್ತದೆ ಎಂಬ ಎಸ್‌ಎಂಎಸ್‌ ನಂಬಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಗುವಾಹಟಿ ರೈಲು ಹತ್ತಿದರು. ಕೊನೆಗೆ ಕೇಂದ್ರ ಸರ್ಕಾರ ಒಟ್ಟಿಗೆ ಐದಕ್ಕಿಂತ ಹೆಚ್ಚು ಎಸ್‌ಎಂಎಸ್ ಕಳಿಸದ ಹಾಗೆ ಕೆಲವು ದಿನ ತಡೆ ಹಾಕಿತು. ವಾಟ್ಸ್ಯಾಪಿನವರು 2018ರಲ್ಲಿ ನಮ್ಮ ದೇಶಕ್ಕೆ ಇಟ್ಟ ಫಾರ್ವರ್ಡ್ ಮಿತಿಯೂ ಒಂದು ಸಲಕ್ಕೆ ಐದೇ.

ಈಗ ಸೂಕ್ಷ್ಮದ ವಿಷಯ. ಬೇರೆ ಯಾರೋ ನಿಮಗೆ ಇಂಥ ಸುಳ್ಳು ಕಳಿಸಿದರೆ? ಕಳಿಸಿದವರಿಗೊಬ್ಬರಿಗೇ ಬರೆಯಿರಿ. ನಿಮ್ಮ ಕಿರಿಯ ಸದಸ್ಯರು ಹೇಳಿದ್ದು ಸರಿ, ಹೇಳಿದ ರೀತಿ ತಪ್ಪು. ಎಲ್ಲರ ಮುಂದೆ ಹೇಳಿದರೆ ಹೇಳಿಸಿಕೊಂಡವರು ಸುಳ್ಳನ್ನು ಬಿಡುವುದಿಲ್ಲ, ಮಾನ ಉಳಿಸಿಕೊಳ್ಳಲು ಅದರ ಪರವೇ ವಾದಕ್ಕೆ ನಿಲ್ಲುತ್ತಾರೆ. 2016ರ ನವೆಂಬರಿನಲ್ಲಿ ಇಂಗ್ಲೆಂಡಿನ ಆರೋಗ್ಯ ಸೇವೆಯ ಸುಮಾರು 8.4 ಲಕ್ಷ ನೌಕರರಿಗೆ ಒಂದು ಪರೀಕ್ಷಾ ಮೇಲ್ ಕೈತಪ್ಪಿ ಹೋಯಿತು. ‘ನನಗೆ ಯಾಕೆ ಬಂತು? ತೆಗೆದುಹಾಕಿ’ ಎಂದು ಜನ ಎಲ್ಲರಿಗೂ ಉತ್ತರಿಸಿದರು. ‘ಎಲ್ಲರಿಗೂ ಉತ್ತರಿಸಬೇಡಿ’ ಎಂದೂ ಎಲ್ಲರಿಗೂ ಬರೆದರು! ಇಡೀ ವ್ಯವಸ್ಥೆ ಕುಂಟಿತು. ನಿಮ್ಮ ಎರಡು ದಿನ ಅದರ ಮುಂದೆ ಏನೂ ಅಲ್ಲ.

ಅಳಿಯಂದಿರಿಗೂ ಒಂದು ಸಾಲು ಬರೆಯಬೇಕು. ಮಾವನಾದವರು ಅಳಿಯನನ್ನು ತಿದ್ದುವುದು ಯಾವ ಶಿಷ್ಟಾಚಾರದ ಕೈಪಿಡಿಯಲ್ಲೂ ಇಲ್ಲದ ವಿದ್ಯೆ, ಅಲ್ವಾ? ‘ನೀವು ಕಳಿಸಿದ್ದನ್ನು ನಾನೂ ನಂಬಿ ಎಲ್ಲರಿಗೂ ಕಳಿಸಿಬಿಟ್ಟೆ. ಆಮೇಲೆ ಅದು 2006ರ ಸುಳ್ಳು ಅಂತ ಗೊತ್ತಾಯಿತು. ನಿಮಗೆ ಕಳಿಸಿದವರಿಗೂ ಹೇಳಿಬಿಡಿ’ ಎಂದರೆ ಸಾಕು. ತಪ್ಪಿನಲ್ಲಿ ನೀವೂ ಪಾಲು ತಗೊಂಡರೆ ಅವರಿಗೆ ಮುಖಭಂಗವಾಗುವುದಿಲ್ಲ.

ಬಳಗಕ್ಕೆ ತಿದ್ದುಪಡಿ ಕಳಿಸಲೇಬೇಕು. ಆ 140 ಜನರಲ್ಲಿ ಜಗಳ ಓದದೆ ಬಿಟ್ಟವರಿಗೆ ಇವತ್ತಿಗೂ ನಿಮ್ಮ ಎಚ್ಚರಿಕೆಯೇ ನಿಜ. ಹೀಗೆ ಬರೆಯಬಹುದು: ‘ಹೋದ ತಿಂಗಳು ನಾನು ಕಳಿಸಿದ ಒಲಿಂಪಿಕ್ ಜ್ಯೋತಿಯ ಎಚ್ಚರಿಕೆ ಸುಳ್ಳು. ಪರೀಕ್ಷಿಸದೆ ಕಳಿಸಿದ್ದು ನನ್ನ ತಪ್ಪು. ಯಾರಿಗಾದರೂ ಮುಂದಕ್ಕೆ ಕಳಿಸಿದ್ದರೆ ಅವರಿಗೆ ಮಾತ್ರ ತಿಳಿಸಿ. ಆ ಮೇಲನ್ನು ಅಳಿಸಿಬಿಡಿ, ಅದರಲ್ಲಿ ಎಲ್ಲರ ವಿಳಾಸಗಳಿವೆ.’ ಅಷ್ಟೇ. ಸಮರ್ಥನೆ ಬೇಡ, ‘ಒಳ್ಳೆಯ ಉದ್ದೇಶದಿಂದ’ ಎಂಬ ಮಾತೂ ಬೇಡ, ಅದು ಎಲ್ಲರಿಗೂ ಗೊತ್ತಿದೆ. ‘ಬಿಸಿಸಿ’ ಮಾತ್ರ ಮರೆಯಬೇಡಿ.

ಕೇಳದಿದ್ದರೂ ಒಂದು ವಿಷಯ ಹೇಳುತ್ತೇನೆ. ಸದಸ್ಯರೊಬ್ಬರ ಹೆಸರಿನಿಂದ ನಿಜವಾಗಿಯೂ ವೈರಸ್ ಇರುವ ಮೇಲ್ ಬಂದರೆ, ‘ನೀವು ವೈರಸ್ ಕಳಿಸಿದ್ದೀರಿ’ ಎಂದು ಉತ್ತರಿಸಬೇಡಿ. ಕಳಿಸಿದವರ ಜಾಗದಲ್ಲಿ ಯಾರ ಹೆಸರು ಬೇಕಾದರೂ ಹಾಕಬಹುದು, ಪೋಸ್ಟ್ ಕವರಿನ ಹಿಂದೆ ಯಾರ ವಿಳಾಸ ಬೇಕಾದರೂ ಬರೆಯಬಹುದಲ್ಲ, ಹಾಗೆ. ಕ್ಲೆಜ್ ಇದನ್ನೇ ಮಾಡುತ್ತಿತ್ತು. 2003ರ ಆಗಸ್ಟಿನಲ್ಲಿ ಸೋಬಿಗ್ ಬಂದಾಗ ಆಂಟಿವೈರಸ್ ಸಾಫ್ಟ್‌ವೇರುಗಳು ತಾವೇ ‘ನಿಮ್ಮ ಮೇಲಿನಲ್ಲಿ ವೈರಸ್ ಇತ್ತು’ ಎಂದು ಪಾಪ ಏನೂ ಅರಿಯದವರಿಗೆ ಉತ್ತರ ಕಳಿಸಿ ಕಳಿಸಿ, ವೈರಸ್ಸಿನಷ್ಟೇ ಕಾಟ ಕೊಟ್ಟವು. ಫೋನ್ ಎತ್ತಿ ಕೇಳಿ, ‘ನೀವು ಇಂಥದ್ದು ಕಳಿಸಿದ್ದೀರಾ?’ ಅಂತ. ವಾಟ್ಸ್ಯಾಪಿನಲ್ಲಿ ಗುರುತಿದ್ದವರಿಂದ ಮದುವೆ ಆಮಂತ್ರಣವೋ ಟ್ರಾಫಿಕ್ ದಂಡದ ಚಲನ್ನೋ ‘ಎಪಿಕೆ’ ಎಂಬ ಬಾಲದ ಫೈಲಾಗಿ ಬಂದರೂ ಅದೇ ಮಾತು. ಕಾಗದಕ್ಕೆ ಆ ಬಾಲ ಇರುವುದಿಲ್ಲ, ಅದು ಆಂಡ್ರಾಯ್ಡ್ ಫೋನಿಗೆ ಆ್ಯಪ್ ಹಾಕುವ ಫೈಲು. ಅದನ್ನು ಒತ್ತಿಬಿಟ್ಟು ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ನಿಮ್ಮದೇ ಖಾತೆ ಕಳ್ಳರ ಕೈಗೆ ಸಿಕ್ಕಿದ್ದರೆ ಮಾತ್ರ ಎಲ್ಲರಿಗೂ ಬರೆಯಿರಿ, ಆಗ ಬರೆಯದಿರುವುದೇ ತಪ್ಪು. ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ನನ್ನ ಹೆಸರಿನಲ್ಲಿ ಬಂದದ್ದು ನನ್ನದಲ್ಲ ಎಂದು ತಾರೀಖು ಹಾಕಿ, ಹೆಸರು ಹಾಕಿ ಬರೆಯಿರಿ.

ಇನ್ನು ಎರಡನೆಯ ಸಹಿ ಯಾರದ್ದು ಎಂಬ ಪ್ರಶ್ನೆ ಉಳಿಯಿತು. ನಿಮ್ಮ ಬಳಗದಲ್ಲಿ ಅರ್ಧ ಗಂಟೆಯಲ್ಲಿ ಸುಳ್ಳನ್ನು ಪತ್ತೆ ಮಾಡಿದವರು ಒಬ್ಬರೇ. ಮಾತು ಒರಟು, ಕೆಲಸ ಚುರುಕು. ಬೇಜಾರು ಸ್ವಲ್ಪ ಬದಿಗಿಟ್ಟು ಅವರಿಗೊಂದು ಫೋನ್ ಮಾಡಿ. ‘ಇನ್ನು ಮೇಲೆ ಇಂಥದ್ದು ಬಂದರೆ ಮೊದಲು ನಿಮಗೆ ಕಳಿಸುತ್ತೇನೆ, ನೀವು ನೋಡಿ ಪಾಸ್ ಮಾಡಿದ ಮೇಲೇ ಎಲ್ಲರಿಗೂ’ ಎಂದು ಹೇಳಿ ನೋಡಿ. ವಿಆರ್‌ಎಸ್ ತಗೊಂಡ ಹೊಸತು, ಪಾಸಿಂಗ್ ಆಫೀಸರ್ ಕೆಲಸ ಬೇಡ ಅನ್ನಲಿಕ್ಕಿಲ್ಲ.